ಐರಿನ್ ಬಾಯಿಯ ರಿವರ್ಸ್

ಇವತ್ತು ಬೆಳಿಗ್ಗೆ ಎಣ್ಣೆಯ ಡಬ್ಬಿ ಖಾಲಿಯಾಯಿತು. ಕಸದ ಚೀಲಕ್ಕೆ ಹಾಕಲು ಹೋದ ಕೈ ಹಾಗೇ ನಿಂತಿತು. ಐದು ಲೀಟರಿನ ಡಬ್ಬಿ ಕಂಡರೆ ನಿಮಗೆ ಹಪ್ಪಳ, ಸಂಡಿಗೆ ನೆನಪಾಗಬಹುದು. ನನಗೆ ಕೆಳಗಿನ ಮನೆಯ ಐರಿನ್ ಬಾಯಿ ನೆನಪಾಗುತ್ತಾರೆ.

ಮಸ್ಕತ್ತಿನಲ್ಲಿ ಲೈಸೆನ್ಸ್ ಬೇಕಾದರೆ ಡ್ರಮ್ ಟೆಸ್ಟ್ ಪಾಸಾಗಬೇಕು. ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವೆ, ಒಂದನ್ನೂ ಮುಟ್ಟದೆ, ಕಾರನ್ನು ಹಿಂದಕ್ಕೆ ತರಬೇಕು. ನಾನು ಎರಡು ಸಲ ಫೇಲಾಗಿ, ಇದು ನನ್ನ ಜಾತಕದಲ್ಲೇ ಇಲ್ಲವೆಂದು ಸಾರಿ, ಗಂಡನ ಪಕ್ಕದ ಸೀಟನ್ನು ಖಾಯಂ ಮಾಡಿಕೊಂಡವಳು. ಐರಿನ್ ಬಾಯಿ ಒಂಬತ್ತು ಸಲ ಫೇಲಾದರು. ಗಾಬರಿಯಾದರೆ ಅವರ ಕೈ ಸ್ಟೇರಿಂಗನ್ನು ತಪ್ಪದೆ ಉಲ್ಟಾ ದಿಕ್ಕಿಗೇ ತಿರುಗಿಸುತ್ತಿತ್ತು. ಅಲ್ ಗುಬ್ರಾದ ನಮ್ಮ ಕಟ್ಟಡದ ಹಿಂದೆ ನಾಲ್ಕು ಎಣ್ಣೆಡಬ್ಬಿ ನಿಲ್ಲಿಸಿ, ಊಟದ ತಟ್ಟೆಯನ್ನು ಸ್ಟೇರಿಂಗಿನಂತೆ ಹಿಡಿದು, ಹಿಂದೆ ಹಿಂದೆ ನಡೆದು ಅಭ್ಯಾಸ ಮಾಡುತ್ತಿದ್ದರು. ನಾನು ಬಾಲ್ಕನಿಯಲ್ಲಿ ನಿಂತು ನಗುತ್ತಿದ್ದೆ.

"ನಗು ಮಾರಾಯ್ತಿ, ನಗುವುದಕ್ಕೆ ಲೈಸೆನ್ಸ್ ಬೇಡ" ಎನ್ನುತ್ತಿದ್ದರು. ಹತ್ತನೆಯ ಸಲ ಪಾಸಾದರು.

ಹೋದ ಚಳಿಗಾಲದಲ್ಲಿ ಅವರ ಗಂಡ ರಾಬರ್ಟರಿಗೆ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿ, ತನ್ನ ಹೊಸ ಕ್ಯಾರವಾನನ್ನು, ಆ ಚಕ್ರದ ಮೇಲಿನ ಮನೆಯನ್ನು, ನಾಲ್ಕು ದಿನಕ್ಕೆ ಕೊಟ್ಟ. ಕಾರಿನ ಹಿಂದೆ ಅದನ್ನು ಕಟ್ಟಿಕೊಂಡು ಎರಡು ಮನೆಯವರೂ ಹೊರಟೆವು. "ಸ್ವಲ್ಪ ನಾನೂ ಓಡಿಸ್ತೇನೆ" ಎಂದರು ಐರಿನ್ ಬಾಯಿ.

"ಇದನ್ನಾ? ಒಂದು ಗೀರು ಬಿದ್ದರೆ ಕಫೀಲನ ಎದುರು ನನ್ನ ಮರ್ಯಾದೆ ಖಲಾಸ್" ಎಂದರು ರಾಬರ್ಟ್. ಐರಿನ್ ಬಾಯಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು ಚಕ್ಕುಲಿಯ ಡಬ್ಬಿ ತೆರೆದರು.

ಇಬ್ರಾ, ಬಿದಿಯಾ, ಅಲ್ ಕಾಮಿಲ್. ಪ್ರತಿ ಊರಿಗೂ ಪೆಟ್ರೋಲ್ ಪಂಪು, ಲಾಂಡ್ರಿ, ಮಲಯಾಳಿಯ ಚಹಾದಂಗಡಿ. ಊರು ಮುಗಿದರೆ ಮತ್ತೆ ಮರಳು. ಎಷ್ಟು ನೋಡಿದರೂ ನನಗೆ ಬೇಜಾರು ಬರಲಿಲ್ಲ.

ಅಲ್ ಕಾಮಿಲ್ ದಾಟಿದ ಮೇಲೆ ರಾಬರ್ಟ್ ಫೋನಿನ ಮ್ಯಾಪು ನಂಬಿ ಖರ್ಜೂರದ ತೋಟದೊಳಗಿನ ಓಣಿಗೆ ನುಗ್ಗಿದರು. ಎರಡೂ ಕಡೆ ಮಣ್ಣಿನ ಗೋಡೆ, ಎದುರಿಗೆ ನೀರಿನ ಕಾಲುವೆ. ದಾರಿ ಅಲ್ಲಿಗೇ ಮುಗಿದಿತ್ತು. ಹಿಂದಕ್ಕೆ ಬರದೆ ಗತಿಯಿಲ್ಲ. ಅವರು ಎಡಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಬಲಕ್ಕೆ ಹೋಗುತ್ತಿತ್ತು. ನಮ್ಮವರು ಇಳಿದು "ಬರಲಿ, ಬರಲಿ" ಎಂದು ಕೈಬೀಸಿ ಇನ್ನಷ್ಟು ಕೆಡಿಸಿದರು. ಮೂರನೆಯ ಸಲಕ್ಕೆ ಗೋಡೆಗೂ ಕ್ಯಾರವಾನಿಗೂ ನಡುವೆ ಒಂದು ಗೇಣು ಉಳಿಯಿತು. ಆ ಚಳಿಯಲ್ಲೂ ರಾಬರ್ಟರ ಅಂಗಿ ಒದ್ದೆ.

"ಇನ್ನು ನನ್ನಿಂದ ಆಗುದಿಲ್ಲ" ಎಂದರು.

"ನೀವು ಇಳೀರಿ" ಎಂದರು ಐರಿನ್ ಬಾಯಿ. ಸೀಟು ಮುಂದಕ್ಕೆಳೆದು, ಶಿಲುಬೆಯ ಗುರುತು ಮಾಡಿ, ಸ್ಟೇರಿಂಗನ್ನು ತಮ್ಮ ಹಳೆಯ ತಪ್ಪು ದಿಕ್ಕಿಗೇ ತಿರುಗಿಸಿದರು. ಕ್ಯಾರವಾನ್ ಗೋಡೆ ಬಿಟ್ಟು ಓಣಿಯ ನಡುವಿಗೆ ಬಂತು. ನಿಲ್ಲಿಸಿ, ನೋಡಿ, ಮತ್ತೆ ಬಿಟ್ಟು, ಹಾಗೆಯೇ ರಸ್ತೆಯವರೆಗೂ ತಂದರು.

ರಾಬರ್ಟ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗೀರಿಲ್ಲ.

"ನಿನಗೆ ಹೇಗೆ ಗೊತ್ತಾಯ್ತು?"

"ನೀವು ತಿರುಗಿಸಿದ್ದಕ್ಕೆ ಅದು ಉಲ್ಟಾ ಹೋಗ್ತದೆ, ಮೂರು ಸಲ ನೋಡಿದೆ. ಉಲ್ಟಾ ಮಾಡುದು ನನಗೆ ಗೊತ್ತುಂಟಲ್ಲ. ಒಂಬತ್ತು ಸಲ ಮಾಡಿದ್ದೇನೆ."

ರಾಬರ್ಟ್ ಹಿಂದಿನ ಸೀಟಿಗೆ ಬಂದು ಕುಳಿತು ನನ್ನ ಕೈಯಿಂದ ಚಕ್ಕುಲಿ ಡಬ್ಬಿ ತೆಗೆದುಕೊಂಡರು. "ಯಲ್ಲಾ, ಹೊರಡು, ನೀನೇ ಓಡಿಸು" ಎಂದರು. ನಾನು ಎರಡೇ ಸೋಲನ್ನು ಇಷ್ಟು ವರ್ಷ ನೆಪ ಮಾಡಿಕೊಂಡು ಕುಳಿತಿದ್ದೆ. ಈ ಹೆಂಗಸು ಒಂಬತ್ತನ್ನೂ ಕೆಲಸಕ್ಕೆ ಹಚ್ಚಿದ್ದರು. ಅವರಿಗೆ ಕೈ ಮುಗಿಯಬೇಕೆನಿಸಿತು.

ಮುಂದಿನ ವಾರ ನನ್ನ ಮೂರನೆಯ ಡ್ರಮ್ ಟೆಸ್ಟ್. ನಿಮಗಷ್ಟೇ ಹೇಳುತ್ತಿದ್ದೇನೆ, ನಮ್ಮವರಿಗೆ ಇನ್ನೂ ಹೇಳಿಲ್ಲ. ಖಾಲಿಯಾದ ಡಬ್ಬಿಯನ್ನು ತೊಳೆದೆ. ಮಂಚದಡಿ ಕೂಡಿಟ್ಟಿದ್ದ ಮೂರರ ಜೊತೆ ಅದನ್ನೂ ಹಿಡಿದು, ಕಂಕುಳಲ್ಲಿ ತಟ್ಟೆ ಸಿಕ್ಕಿಸಿಕೊಂಡು ಕೆಳಗಿಳಿದೆ. ಡಬ್ಬಿಗಳನ್ನು ನಿಲ್ಲಿಸುತ್ತಿರುವಾಗ ಮೇಲಿನ ಬಾಲ್ಕನಿಯಲ್ಲಿ ಯಾರೋ ನಕ್ಕರು. ನಾನು ತಲೆ ಎತ್ತಲಿಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹೆಜ್ಜೆ ಹಿಂದಕ್ಕಿಟ್ಟೆ.