ಖಾಜಾ ಮಾಮಾನ ಯಮನ್, ನನ್ನ ಗಾಡಿ ಕನ್ನಡಿ

ಶಹಾಪುರದಾಗ ಗಾದಿ ಮಾಡೋ ಖಾಜಾಹುಸೇನನ ಅಂಗಡಿಗೂ ನನ್ನ ಮೋಟಾರ್‌ಸೈಕಲ್ ರಿಪೇರಿ ಅಂಗಡಿಗೂ ನಡುವ ಒಂದೇ ಗ್ವಾಡಿ. ಹದಿನೆಂಟು ವರ್ಷದಿಂದ ಆ ಗ್ವಾಡಿ ಆಚೆಯಿಂದ ಹತ್ತಿ ಹಿಂಜೋ ಬಿಲ್ಲಿನ ಟೊಂಯ್ ಟೊಂಯ್ ಕೇಳಿ ಕೇಳಿ ನನ್ನ ತಲಿ ಅರ್ಧ ಕೆಟ್ಟದ. ಊರಿಗೆಲ್ಲ ಹಿಂಜೋ ಮಷೀನು ಬಂದ್ರೂ ಈ ಮಾಮಾ ಬಿಲ್ಲು ಬಿಡವಲ್ಲ. ಯಾಕಂದ್ರ ಅದರ ತಂತಿನ ತನ್ನ ದನಿಗೆ ಸರಿಯಾಗಿ ಬಿಗಿದಿಟ್ಟಾನ. ಅದನ್ನ ಬಡಿಯೋದು, ಅದರ ಮ್ಯಾಲ ಆಲಾಪ ಎತ್ತೋದು. ಹತ್ತಿ ಮೂಗಿಗೆ ಹೋತಂದ್ರ ಆಲಾಪ ನಿಂತು ಸೀನು ಬರ್ತದ.

ನಕ್ಷತ್ರದ ಹುಚ್ಚೂ ಗಾದಿಯಿಂದನ ಹತ್ತಿದ್ದು. ತುಂಬಿದ ಗಾದಿನ ಮಾಳಗಿ ಮ್ಯಾಲ ಹಾಸಿ, ಒಂದು ರಾತ್ರಿ ತಾನ ಮಲಗಿ, ಎಲ್ಲಿ ಗಂಟು ಚುಚ್ಚತದ ನೋಡಿ ಆಮ್ಯಾಲ ಗಿರಾಕಿಗೆ ಕೊಡ್ತಾನ. ಮದುವಿ ಗಾದಿಗೂ ಇದ ಪದ್ಧತಿ. ಊರಿಗೆಲ್ಲ ಗೊತ್ತದ, ಮದುಮಗಳಿಗೆ ಮಾತ್ರ ಯಾರೂ ಹೇಳಂಗಿಲ್ಲ. ಅಂಗಾತ ಮಲಗಿದವನಿಗೆ ಕಾಣೋದು ಇನ್ನೇನು? ಈಗ ಪ್ಲಾಸ್ಟಿಕ್ ಪೈಪಿಗೆ ಚಷ್ಮಾದ ಗ್ಲಾಸು ಕೂಡಿಸಿ ದುರ್ಬೀನು ಮಾಡ್ಕೊಂಡಾನ.

ರಾಗಕ್ಕೊಂದು ಹೊತ್ತು ಅದ. ಆ ಹೊತ್ತನ್ನ ಮಾಮಾ ಗಡಿಯಾರದಾಗ ನೋಡಂಗಿಲ್ಲ, ಆಕಾಶದಾಗ ನೋಡ್ತಾನ. ಯಮನ್ ಅನ್ನೋ ರಾಗ ಹೊತ್ತು ಮುಳುಗಿ ಮೊದಲನೇ ಚುಕ್ಕಿ ಕಾಣೋತನಕ ಬಾಯಿಗೆ ತರಂಗಿಲ್ಲ. ಒಂದು ಮಳಿಗಾಲದಾಗ ಮೋಡ ಕವಿದು ಹನ್ನೊಂದು ದಿನ ಯಮನ್ ಬಂದ್ ಇತ್ತು. ನನಗ ಭಾಳ ಆರಾಮ ಆಗಿತ್ತು.

ಸುರಪುರದಾಗ ಒಂದು ಸಂಗೀತ ಸಂಘ ತಿಂಗಳಿಗೊಂದು ಬೈಠಕ್ ಇಡ್ತದ. ಅಲ್ಲಿ ಒಮ್ಮಿ ಕೂತು ಹಾಡಬೇಕನ್ನೋದು ಮಾಮಾನ ಜೀವದ ಆಸಿ. ಅರವತ್ತೆರಡು ದಾಟಿದ್ರೂ ಅವನ ಹಾಡು ಕೇಳಿದಾಂವ ನಾ ಒಬ್ಬನ, ಅದೂ ಯಾವ ರಾಗ ಯಾವುದಂತ ಗುರ್ತು ಹತ್ತದ, ಬೈಕೋಂತ. ಸಂಘದ ಕಾರ್ಯದರ್ಶಿ ಅರುಣಕುಮಾರನ ಗಾಡಿ ನನ್ನ ಕೈಗೆ ಬಂದಾಗ, "ಮಾಮಾಗ ಒಂದು ಸಲ ಕೂಡಿಸ್ರಿ, ನಾ ನಿಮ್ಮ ಕ್ಲಚ್ ಕೂಡಿಸ್ತೀನಿ" ಅಂದೆ. ಒಪ್ಪಿದ. ಆದ್ರ ಕಾರ್ಡಿನ್ಯಾಗ, "ಸಂಜೆ ಐದೂವರೆ, ರಾಗ ಯಮನ್" ಅಂತ ಅಚ್ಚು ಹಾಕಿಸಿದ್ದ. ಅವನಿಗೆ ಗೊತ್ತಿದ್ದದ್ದು ಅದೊಂದ ರಾಗದ ಹೆಸರು.

ಬ್ಯಾಸಗಿ ದಿನ. ಐದೂವರೆಗೆ ಬಿಸಿಲು ಇನ್ನೂ ಅಂಗಳ ತುಂಬಿತ್ತು. ಜನ ಜಮಖಾನದ ಮ್ಯಾಲ ಕೂತಿದ್ರು. ಮಾಮಾ ಹಾರ್ಮೋನಿಯಂ ಮುಂದ ಕೂತು ಆಕಾಶ ನೋಡಾಕತ್ತಿದ್ದ.

"ಹಾಡು ಮಾಮಾ."

"ಚುಕ್ಕಿ ಎಲ್ಲದ ಅಳಿಯಾ?"

ಇಪ್ಪತ್ತು ನಿಮಿಷ ಹಿಂಗ ಆತು. ಅರುಣಕುಮಾರ ನನ್ನ ಕಿವ್ಯಾಗ, "ಸಾಬಣ್ಣ, ಇನ್ನ ಹತ್ತು ನಿಮಿಷ ನೋಡ್ತೀನಿ. ಆಮ್ಯಾಲ ಭಜನಿಯವರನ್ನ ಕೂಡಿಸ್ತೀನಿ. ಇವರನ್ನ ಮತ್ತ ಕರಿಯಂಗಿಲ್ಲ" ಅಂದ.

ನನಗ ಸಿಟ್ಟು ನೆತ್ತಿಗೇರಿತು. ಹೊರಗ ಹೋಗಿ ಪಾನಾ ತಗೊಂಡು ನನ್ನ ಗಾಡಿಯ ದುಂಡ ಕನ್ನಡಿ ಬಿಚ್ಚಿದೆ. ಮೂಡಣಕ್ಕ ನೀರಿನ ಟಾಕಿ ಇತ್ತು. ನಿಚ್ಚಣಿಕಿ ಹತ್ತಿ, ಬಿಸಿಲು ಹೊಡಿಯೋ ಹಂಗ ಓರಿ ಮಾಡಿ ಕಟ್ಟಿದೆ. ಮೊಣಕಾಲು ಕೆತ್ತಿ ಹೋತು. ಇಳಿದು ಬಂದು, "ಅಲ್ನೋಡು ಮಾಮಾ, ಶುಕ್ರ" ಅಂದೆ.

ಮಾಮಾ ಟಾಕಿ ಕಡಿ ನೋಡಿದ. ನನ್ನ ಮಾರಿ ನೋಡಿದ. ಮೊಣಕಾಲು ನೋಡಿದ.

"ಇವತ್ತ ಭಾಳ ಲಗೂನ ಬಂದಾನಲ್ಲ" ಅಂದು ದನಿ ಎತ್ತಿದ.

ನಲವತ್ತು ನಿಮಿಷ ಒಬ್ಬರೂ ಕೆಮ್ಮಲಿಲ್ಲ. ಹತ್ತಿ ಇರದ ಜಾಗದಾಗ ಆ ದನಿ ಅಷ್ಟು ಉದ್ದ ಹೋಗತದಂತ ನನಗೂ ಗೊತ್ತಿರಲಿಲ್ಲ. ಮುಗಿದ ಮ್ಯಾಲ ಅರುಣಕುಮಾರ ಮೈಕ್ ಹಿಡಿದು, "ಇಂಥಾ ಯಮನ್ ನಾವು ಎಂದೂ ಕೇಳಿದ್ದಿಲ್ಲ" ಅಂದ.

ಮಾಮಾ ಕೈ ಮುಗಿದು, "ಅದಂತೂ ಖರೇರಿ" ಅಂದ.

ವಾಪಸ್ ಬರೋವಾಗ ಹಿಂದ ಕೂತಾಂವ, "ಅಳಿಯಾ, ಹಿಂದ ಲಾರಿ ಬರಾಕತ್ತದ. ಕನ್ನಡ್ಯಾಗ ನೋಡು" ಅಂದ.

ನೋಡಿದೆ. ಕನ್ನಡಿ ಟಾಕಿ ಮ್ಯಾಲನ ಉಳಿದಿತ್ತು.

"ಶುಕ್ರ ಸಂಜಿಗೆ ಬಂದ್ರ ಪಡುವಣಕ್ಕ ಬರ್ತಾನ. ನೀ ಮೂಡಣಕ್ಕ ಕಟ್ಟಿ ಬಂದಿ."

ಗಾಡಿ ನಿಲ್ಲಿಸಿಬಿಟ್ಟೆ. "ಗೊತ್ತಿದ್ದೂ ಯಮನ್ ಹಾಡಿದೇನು?"

"ಯಾರು ಹಾಡ್ಯಾರ? ಮುಲ್ತಾನಿ ಹಾಡೀನಿ. ಅದು ಹೊತ್ತು ಮುಳುಗೋಕಿಂತ ಮೊದಲಿನ ರಾಗ."

"ಕಾಲು ಮುರಕೊಂಡು ನಾ ಯಾಕ ಹತ್ತಿದೆ ಹಂಗಾದ್ರ?"

"ನೀ ಹತ್ತಿದಿ ಅಂತನ ಹಾಡಿದೆ. ಇಲ್ಲಂದ್ರ ಎದ್ದು ಬರಾಂವ ಇದ್ದೆ."

ಗಾಡಿ ರಸ್ತಾದ ಬದಿಗೆ ಹಚ್ಚಿದೆ. ಕಾಲುವಿ ದಂಡಿ ಮ್ಯಾಲ ಇಬ್ಬರೂ ಕೂತ್ವಿ. ಪಡುವಣಕ್ಕ ಮೊದಲನೇ ಚುಕ್ಕಿ ಕಂಡಿತು, ಮಾಮಾ ಖರೇ ಯಮನ್ ಶುರು ಮಾಡಿದ. ಅಷ್ಟೊತ್ತಿಗೆ ಅವನ ಫೋನ್ ಬಡಕೊಂತು. ಅರುಣಕುಮಾರ.

"ಮುಂದಿನ ತಿಂಗಳೂ ಬರ್ರಿ. ಅದ ಯಮನ್ ಬೇಕಂತರಿ ಎಲ್ಲಾರಿಗೂ."

"ಎಷ್ಟು ಗಂಟೆಕ್ಕರಿ?"

"ಐದಕ್ಕ."

ಮಾಮಾ ನನ್ನ ಕಡಿ ನೋಡಿ ಕಣ್ಣು ಹೊಡೆದ.

"ಐದಕ್ಕಾದ್ರ ಅದನ್ನ ಹಾಡ್ತೀನ್ರಿ."