ಉಣಿಸಬಾರದ ನೆಲ

ಇಲ್ಲಿ ನೀರು ಹೊಲಕ್ಕಿಂತ ಎತ್ತರದಲ್ಲಿ ನಿಂತಿದೆ. ನ್ಯೂಜಿಲೆಂಡಿಗೆ ಬಂದು ನಾನು ಬೆಚ್ಚಿದ್ದು ವಿಮಾನಕ್ಕಲ್ಲ, ಇದಕ್ಕೆ. ನಮ್ಮ ಬಿಜಾಪುರದ ಕಡೆ ನೀರೆಂದರೆ ಬಾವಿಯೊಳಗೆ ಬಗ್ಗಿ ಹುಡುಕುವಂಥದ್ದು. ಇಲ್ಲಿ ದನ ಮೇಯುವ ಹುಲ್ಲುಗಾವಲು ಕೆಳಗಿದೆ, ಜವಳು ಭೂಮಿ ಅದರ ಪಕ್ಕದಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಮಲಗಿದೆ. ಸತ್ತ ಹುಲ್ಲು ಕೊಳೆಯದೆ ಒಂದರ ಮೇಲೊಂದು ಕೂತು ದಿಬ್ಬವಾಗಿದೆಯಂತೆ. ಬಾಗ್ ಎನ್ನುತ್ತಾರೆ. ಕಾಲಿಟ್ಟರೆ ನೆಲ ಹತ್ತಿಯ ಗಾದಿಯ ಹಾಗೆ ಅಲುಗುತ್ತದೆ.

ಮಗಳು ಶಾಂತಾ ಪಟ್ಟಣದೊಳಗೆ ಮೌಂಟ್ ರಾಸ್ಕಿಲ್‌ನಲ್ಲಿ ಮನೆ ಹಿಡಿದಿದ್ದಾಳೆ. ಇಲ್ಲೇ ಇದ್ದುಬಿಡು ಎಂದು ಅವಳ ಹಟ. ಜೋಳದ ಹಿಟ್ಟು ಸಿಗುತ್ತದೆ. ಒಬ್ಬಳೇ ಬಸ್ಸು ಹತ್ತಿ ಕೊತ್ತಂಬರಿ ತರುವುದನ್ನೂ ಕಲಿತೆ. ಆದರೆ ಎಳ್ಳಮಾವಾಸ್ಯೆ ಬಂತು. ಅವತ್ತು ಹೊಲಕ್ಕೆ ಬುತ್ತಿ ಒಯ್ದು, ಪೈರಿನ ಮೇಲೆ ತುತ್ತು ಎರಚಿ ಚರಗ ಚೆಲ್ಲಬೇಕು. ಭೂತಾಯಿ ಉಂಡ ಮೇಲೆ ನಾವು ಉಣ್ಣಬೇಕು.

"ಚರಗ ಚೆಲ್ಲಾಕ ನೆಲಾ ಇಲ್ಲದ ಊರಾಗ ನಾ ಇರಾಂಗಿಲ್ಲ. ಟಿಕೀಟ ತಗಸು," ಎಂದೆ.

"ನೆಲಾ ತೋರಸ್ತೀನಿ ಬಾರವ್ವ," ಎಂದು ಕಾರು ಹತ್ತಿಸಿದಳು.

ಆ ಬಾಗ್ ಮೇಲೆ ಹಾಕಿದ ಹಲಗೆಯ ಹಾದಿಯಲ್ಲಿ ನಿಂತು "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಕೂಗಿ ಕಡುಬು, ಪಲ್ಯ, ಸಜ್ಜೆ ರೊಟ್ಟಿಯ ಚೂರು ಎರಚಿದೆ. ಆ ಜಾಗ ಕಾಯುವ ಹೆಲನ್ ಎಂಬ ಬಿಳಿಯ ಹೆಂಗಸು ಕೈಬೀಸುತ್ತ ಓಡಿಬಂದಳು. ಅವಳು ಹೇಳಿದ್ದನ್ನು ಶಾಂತಾ ನನಗೆ ಹೇಳಿದಳು.

"ಅವ್ವಾ, ಸಾಕು! ಅನ್ನ ಬಿದ್ದರ ಇಲಿ ಬರ್ತಾವಂತ, ಹಕ್ಕಿ ತತ್ತಿ ತಿಂತಾವಂತ. ಗೊಬ್ಬರಾನೂ ಆಗಿಬರಂಗಿಲ್ಲಂತ ಇದಕ್ಕ. ಬರೇ ಮಳಿನೀರು."

"ಭೂಮೀನ ಉಪಾಸ ಕೆಡವ್ಯಾರೇನು ಇವರು?"

ಶಾಂತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹೆಲನ್ ನಕ್ಕಳು. ಅವಳ ಉತ್ತರವನ್ನು ಶಾಂತಾ ನನಗೆ ತಿರುಗಿಸಿದಳು. "ಉಪಾಸ ಇದ್ದರನ ಇದು ಬದುಕತದಂತವ್ವ. ಉಣಿಸಿದರ ಹೊರಗಿನ ಕಳಿ ಬೆಳದು ಇದನ್ನ ನುಂಗತದಂತ."

ಸಿಟ್ಟು ಬಂತು. ಉಣ್ಣಲೊಲ್ಲದ ತಾಯಿಯನ್ನು ನಾನು ಕಂಡವಳಲ್ಲ. ಆದರೂ ಚೆಲ್ಲಿದ್ದನ್ನು ಆಯಲು ಕೂತೆ. ಹೆಲನ್ನೂ ಮೊಣಕಾಲೂರಿ ಆಯ್ದಳು. ದೂರಕ್ಕೆ ಬೆರಳು ತೋರಿಸಿ, ಅಲ್ಲಿ ಒಳಗೆ ಹಕ್ಕಿಗಳ ಕಾಪುಕಾಡಿದೆ, ಈ ಬಾಗ್ ಅದರ ಸುತ್ತಲಿನ ಕಾವಲು, ಇದು ಒಣಗಿದರೆ ಅದೂ ಹೋಯಿತು ಎಂದಳಂತೆ. ಹೊಲಕ್ಕೆ ಬದು ಇದ್ದ ಹಾಗೆ. ಅದು ನನಗೆ ತಿಳಿಯಿತು.

ಅಲ್ಲೇ ಹಲಗೆಯ ಪಕ್ಕ ಒಂದು ಪರದೇಶಿ ಗಿಡದ ಸಸಿ ಎದ್ದಿತ್ತು. "ಇದು ಕಳಿಯೇನು?" ಎಂದು ಶಾಂತಾಳಿಂದ ಕೇಳಿಸಿದೆ. ಹೆಲನ್ ಹೂಂ ಎಂದು ತಲೆಯಾಡಿಸಿದಳು. ಸೆರಗು ಸಿಗಿಸಿ ಬೇರುಸಹಿತ ಕಿತ್ತೆ. ಅದರಾಚೆ ಇನ್ನೊಂದಿತ್ತು. ಅದನ್ನೂ ಕಿತ್ತೆ.

"ನಿನ್ನ ಮತ್ತ ಬಾ ಅನ್ನಾಕತ್ತಾಳ," ಎಂದಳು ಶಾಂತಾ. "ಏನ್ ಹೇಳಲಿ? ನೀ ಟಿಕೀಟ ತಗಸು ಅಂದೀಯಲ್ಲ."

"ಈ ಕಳಿ ಮುಗೀಲಿ ತಡೀ," ಎಂದೆ.

ಮುಗಿದಿಲ್ಲ. ಈಗ ಪ್ರತಿ ಎಳ್ಳಮಾವಾಸ್ಯೆಗೆ ಹೋಗುತ್ತೇವೆ. ಕಳೆ ಕಿತ್ತು, ಕಾರು ನಿಲ್ಲಿಸುವಲ್ಲಿ ಬುತ್ತಿ ಬಿಚ್ಚುತ್ತೇವೆ. ಇಲ್ಲಿ ಸಂಜೆಯಾಗಿದ್ದರೂ ಬಿಸಿಲಿರುತ್ತದೆ. ಊರಲ್ಲಿ ಆಗ ನಡುಹಗಲು. ನನ್ನ ತಮ್ಮ ಜೋಳದ ಹೊಲದಲ್ಲಿ ನಿಂತು ಫೋನು ಮಾಡುತ್ತಾನೆ.

"ಕೂಗಬೇ ಅಕ್ಕಾ, ಚೆಲ್ಲತೀನಿ!"

"ಹುಲ್ಲುಲ್ಲಿಗೋ," ಎಂದು ಕೂಗುತ್ತೇನೆ. ಹೆಲನ್ ಬಾಯಿಗೆ ಬಂದಂತೆ ದನಿಗೂಡಿಸುತ್ತಾಳೆ. ತುತ್ತು ಅಲ್ಲಿ ಬೀಳುತ್ತದೆ. ನನ್ನ ಉಗುರಿನೊಳಗೆ ಇಲ್ಲಿನ ಕಪ್ಪು ಮಣ್ಣಿರುತ್ತದೆ.