ಮಾದಪ್ಪಣ್ಣ ಕಟ್ಟಿದ ಗಂಟು

1996ರಲ್ಲಿ ನಾನು ಮೇಚೇರಿಯ ಬೈಕ್ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದು ಬಂದವನು. ಕಾರಣ ಕೊಡದೆ ಯಾರು ಏನು ಹೇಳಿದರೂ ಒಪ್ಪುತ್ತಿರಲಿಲ್ಲ.

ಕುರಿ ಸಾಕುವ ಮಾದಪ್ಪಣ್ಣ ತಮ್ಮ ನೂರು ಸಿಸಿ ಫೋರ್ ಸ್ಟ್ರೋಕ್ ಗಾಡಿ ತಂದರು. ಸಿಲಿಂಡರ್ ಹೆಡ್ಡಿನ ಸಂದಿಯಲ್ಲಿ ಎಣ್ಣೆ ಒಸರುತ್ತಿತ್ತು. ಅಲ್ಲಿನ ಗ್ಯಾಸ್ಕೆಟ್, ಅಂದರೆ ಎರಡು ಭಾಗಗಳ ನಡುವೆ ಕೂರುವ ತೆಳು ಹಾಳೆ, ಬದಲಿಸಿದೆ. ನಾಲ್ಕನೇ ದಿನ ಗಾಡಿ ವಾಪಸ್. ಹೆಡ್ ಒಣಗಿತ್ತು, ಕ್ಲಚ್ ಕವರ್ ಒದ್ದೆ. ಅಲ್ಲಿಯೂ ಹೊಸದು ಹಾಕಿದೆ. ವಾರದೊಳಗೆ ಗೇರ್ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲ್, ಸೋರತೊಡಗಿತು.

ಮಾದಪ್ಪಣ್ಣ ಏನೋ ಹೇಳಲು ಬಾಯಿ ತೆರೆದರು.

"ಓವರ್‌ಲೋಡ್," ಎಂದೆ ನಾನು. "ಮೂರು ಮೂರು ಕುರಿ ಏರಿಸ್ತೀರಿ."

"ಕುರಿಗೂ ಸೀಲಿಗೂ ಏನ್ ಸಂಬಂದ ತಮ್ಮಾ?"

ನನಗೂ ಗೊತ್ತಿರಲಿಲ್ಲ. ಆದರೂ ಹತ್ತು ನಿಮಿಷ ವಾದಿಸಿದೆ. ಅವರು ಸುಮ್ಮನಾದರು. ಗೆದ್ದೆ ಅಂದುಕೊಂಡು ಸೀಲ್ ಬದಲಿಸಿದೆ.

ಗಾಡಿ ಹೋದ ಮೇಲೆ ವರ್ಕ್‌ಶಾಪಿನ ಮೇಸ್ತ್ರಿ ಅಂದರು, "ಲೇ ವಕೀಲ, ಇದು ಇನ್ನೊಂದು ಕಿತ ಸೋರ್ಕಂಡು ಬಂದ್ರೆ ನೀ ಇಂಜಿನ್ ಮುಟ್ಬೇಡ. ಪಂಕ್ಚರ್ ಆಕ್ಕಂಡಿರು."

ಬಂತು. ಈ ಸಲ ಕಿಕ್ಕರ್ ಶಾಫ್ಟಿನ ಬುಡದಲ್ಲಿ. ಆಯಿಲ್ ಅಳತೆ ಸರಿ, ಬೋಲ್ಟ್ ಬಿಗಿ ಸರಿ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಎಣ್ಣೆ. ತಲೆ ಕೆಟ್ಟು ನೆಲದ ಮೇಲೆ ಕೂತೆ. ಉತ್ತರ ಸಿದ್ಧವಿಲ್ಲದೆ ಕೇಳಿದ ನನ್ನ ಮೊದಲ ಪ್ರಶ್ನೆ ಅದೇ ಇರಬೇಕು. "ಅಣ್ಣಾ, ಸೋರಕ್ಕೆ ಮುಂಚೆ ನೀವೇನಾದ್ರೂ ಮಾಡಿದ್ರಾ?"

"ಊಂ. ಇದನ್ನ ಕಟ್ಟಿದ್ದೆ."

ಇಂಜಿನ್ನಿನಿಂದ ಹಿಂದಕ್ಕೆ ಇಳಿಯುವ ಸಣ್ಣ ರಬ್ಬರ್ ಕೊಳವೆಯನ್ನು ತೋರಿಸಿದರು. ಬ್ರೀದರ್ ಟ್ಯೂಬ್. ಒಳಗಿನ ಒತ್ತಡ ಹೊರಹೋಗುವ ದಾರಿ, ಜೊತೆಗೆ ಒಂದೆರಡು ತೊಟ್ಟು ಎಣ್ಣೆಯೂ ಬೀಳುತ್ತದೆ. ತುದಿ ಮಡಚಿ ಸಣಬಿನ ದಾರದಲ್ಲಿ ಬಿಗಿದಿದ್ದರು. ದಾರಿ ಸಿಗದ ಒತ್ತಡ ಸಿಕ್ಕ ಸಂದಿಯಲ್ಲೆಲ್ಲ ಎಣ್ಣೆ ನೂಕುತ್ತಿತ್ತು.

"ಯಾಕೆ ಕಟ್ಟಿದ್ರಿ?"

"ಕಜ್ಜಿ ಬಂದ ಕುರಿಗೆ ನಾವು ಗಾಡಿ ಎಣ್ಣೆ ಅಚ್ತೀವಿ. ಇದ್ರ ಎಣ್ಣೆ ಹಿಂದೆ ಕಟ್ಟಿದ ಕುರಿ ಮೇಲೆ ಸಿಡಿತದೆ. ಸಂತೇಲಿ ಎಣ್ಣೆ ಕಲೆ ಕಂಡ್ರೆ ಕಜ್ಜಿ ಕುರಿ ಅಂತ ಯಾರೂ ಮುಟ್ಟಲ್ಲ."

ಗಂಟು ಬಿಚ್ಚಿದೆ. ಒಂದಡಿ ಟ್ಯೂಬ್ ಜೋಡಿಸಿ ತುದಿಯನ್ನು ಕುರಿಗೆ ತಾಗದಂತೆ ತಿರುಗಿಸಿದೆ. ಕಿಕ್ಕರ್ ಸೀಲ್ ಬದಲಿಸಿದೆ. ಆಮೇಲೆ ಆ ಇಂಜಿನ್ ಸೋರಲಿಲ್ಲ. ಪಂಕ್ಚರ್ ಕೆಲಸ ತಪ್ಪಿತು.

"ಮೊದ್ಲೇ ಹೇಳಬಾರದಿತ್ತಾ ಅಣ್ಣಾ?"

"ಏಳಾಕೆ ಬಂದೆ. ನೀ ಓವರ್‌ಲೋಡ್ ಅಂದೆ."

ಈಗ ಸ್ಪ್ಯಾನರ್ ಹಿಡಿಯುವ ಮುಂಚೆ ಗಾಡಿಯವರನ್ನು ಕೇಳುತ್ತೇನೆ, ಕೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಆದರೆ ಮಾದಪ್ಪಣ್ಣನಿಗೂ ಮುಂಚೆ ನಾನು ಗೆದ್ದ ವಾದಗಳಲ್ಲಿ ಎಷ್ಟು ಮಂದಿ ಹೀಗೆ ಸುಮ್ಮನೆ ಬಾಯಿ ಮುಚ್ಚಿ ಹೋದರೋ, ಅದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.